‘ಕಾರ್ಡ್ ನಡೆಯುತ್ತದೆ’ ಅಂದರೆ ಯಾವುದಕ್ಕೆ ನಡೆಯುತ್ತದೆ?

ಎಲ್ಲರಿಗೂ ನಮಸ್ಕಾರ. ವಿಜಯಪುರದಿಂದ ಬರೆಯುತ್ತಿದ್ದೇನೆ. ಲಕ್ವಾ ಹೊಡೆದವರು, ಮೊಣಕಾಲು ಆಪರೇಷನ್ ಆದವರು ಇರುವ ಮನೆಗಳಿಗೆ ಹಂಚಲು ನಾವು ಕೆಲವರು ಸೇರಿ ಒಂದು ಹಾಳೆ ಬರೆಯುತ್ತಿದ್ದೇವೆ. ಸರಕಾರಿ ಆರೋಗ್ಯ ಕಾರ್ಡ್ ಮೇಲೆ ಫಿಜಿಯೋಥೆರಪಿ ಎಲ್ಲಿ ಸಿಗುತ್ತದೆ ಅನ್ನೋದು ಅದರ ವಿಷಯ. ಬರೆಯುವಾಗ ‘ನಡೆ’ ಅನ್ನುವ ಒಂದು ಕ್ರಿಯಾಪದಕ್ಕೆ ಸಿಕ್ಕಿಕೊಂಡಿದ್ದೇವೆ.

ನಮ್ಮ ಕಡೆ ‘ಇದು ನೋಂದಾಯಿತ ಆಸ್ಪತ್ರೆಯೇ’ ಅಂತ ಯಾರೂ ಕೇಳುವುದಿಲ್ಲ. ‘ಇಲ್ಲಿ ಕಾರ್ಡ ನಡೀತದೇನ್ರಿ?’ ಅಂತಾರೆ. ನನಗಂತೂ ಇದು ಚೆಂದದ ಮಾತು. ನಾಣ್ಯ ನಡೆಯುತ್ತದೆ, ಹರಿದ ನೋಟು ನಡೆಯೋದಿಲ್ಲ, ಊರಲ್ಲಿ ಹಿರಿಯರ ಮಾತು ನಡೆಯುತ್ತದೆ, ಎಲ್ಲಾ ಅದೇ ‘ನಡೆ’. ಆದರೆ ನೋಟು ನಡೆಯುವ ಅಂಗಡಿಯಲ್ಲಿ ಅದು ಜೋಳಕ್ಕೂ ನಡೆಯುತ್ತದೆ, ಬೆಲ್ಲಕ್ಕೂ ನಡೆಯುತ್ತದೆ. ಕಾರ್ಡ್ ಹಾಗಲ್ಲ.

ಈ ಕಾರ್ಡಿನ ಯೋಜನೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ, 2018ರಲ್ಲಿ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಆದರೆ ಅದು ಮುಖ್ಯವಾಗಿ ಅಡ್ಮಿಟ್ ಆಗಿ ಪಡೆಯುವ ಚಿಕಿತ್ಸೆಗೆ. ಡಿಸ್ಚಾರ್ಜ್ ಆದ ಮೇಲಿನ ಆರೈಕೆಗೆ ಕೇಂದ್ರದ ಆಯುಷ್ಮಾನ್ ನಿಯಮದಲ್ಲಿ 15 ದಿನ ಇದೆ, ಅಷ್ಟೇ. ಲಕ್ವಾದಲ್ಲಿ ಬಿದ್ದ ಕೈ ಏಳೋಕೆ ತಿಂಗಳುಗಟ್ಟಲೆ ಬೇಕು ಅಲ್ವಾ? ದಿನಾ ಬಂದು ಕೈಕಾಲು ಆಡಿಸಿಕೊಂಡು, ಕರೆಂಟ್ ಹಿಡಿಸಿಕೊಂಡು ಮನೆಗೆ ಹೋಗುವ ಸಿಟ್ಟಿಂಗ್‌ಗಳು ಅದರೊಳಗೆ ಬರುವುದಿಲ್ಲ.

ಇಲ್ಲಿನ ಒಂದು ಖಾಸಗಿ ದವಾಖಾನೆಯ ಕೌಂಟರ್‌ನಲ್ಲಿ ಕಂಡದ್ದು ಹೇಳುತ್ತೇನೆ. ಒಬ್ಬ ಅಕ್ಕ ಪ್ಲಾಸ್ಟಿಕ್ ಚೀಲದಿಂದ ರೇಷನ್ ಕಾರ್ಡು, ಆಧಾರು, ರೆಫರಲ್ ಚೀಟಿ ಒಂದೊಂದಾಗಿ ತೆಗೆದಿಟ್ಟರು. ‘ಇಲ್ಲಿ ಕಾರ್ಡ ನಡೀತದಂತ ಹೇಳಿದ್ರಲ್ರೀ?’ ಅಂದರು. ‘ನಡೀತದ ಯವ್ವಾ, ಆದ್ರ ಫಿಜಿಯೋಕ್ಕ ರೊಕ್ಕ ಕಟ್ಟಬೇಕು’ ಅಂತ ಉತ್ತರ ಬಂತು. ಇಬ್ಬರೂ ಹೇಳಿದ್ದು ನಿಜ. ಗಂಡನನ್ನು ಆಟೋದಲ್ಲಿ ಕೂರಿಸಿ ಬಂದಿದ್ದ ಅವರು ಮತ್ತೆ ಎಲ್ಲಾ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡರು. ಅವರಿಗೆ ಮೊದಲೇ ಸರಿಯಾದ ಮಾತು ಸಿಕ್ಕಿದ್ದರೆ ನೇರ ಜಿಲ್ಲಾಸ್ಪತ್ರೆಗೆ ಹೋಗುತ್ತಿದ್ದರು, ಅಲ್ಲಿ ಓಪಿಡಿ ಚೀಟಿ ಮಾಡಿಸಿದರೆ ಫಿಜಿಯೋ ವಿಭಾಗಕ್ಕೆ ಕಳಿಸುತ್ತಾರೆ, ವಿಮೆಯ ಮಾತೇ ಬರುವುದಿಲ್ಲ.

ಬೇರೆ ಕಾರ್ಡುಗಳಿಗೆ ಬೇರೆ ‘ನಡೆ’. ಇಎಸ್‌ಐ (ಕಾರ್ಮಿಕರ ಸರಕಾರಿ ವಿಮೆ) ಇದ್ದವರಿಗೆ, ಅಂದರೆ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ ಕಾರ್ಮಿಕರಿಗೆ, ಬಂದು ಹೋಗುವ ಚಿಕಿತ್ಸೆಯೂ ಸೇರುತ್ತದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಇದ್ದವರಿಗೆ ನಿರಾಮಯ ವಿಮೆ ಇದೆ, 1 ಲಕ್ಷ ರೂಪಾಯಿವರೆಗೆ, ಅದರಲ್ಲಿ ಥೆರಪಿಗೂ ಒಂದು ಪಾಲು ಇಟ್ಟಿದ್ದಾರೆ. ಇದು ಎಷ್ಟೋ ತಾಯಂದಿರಿಗೆ ಗೊತ್ತೇ ಇಲ್ಲ.

ಹಾಳೆಯಲ್ಲಿ ‘ಒಳರೋಗಿ, ಹೊರರೋಗಿ’ ಅಂತ ಬರೆದು ನೋಡಿದೆವು. ಓದಿದವರು ಹೊರರೋಗಿ ಅಂದರೆ ಹೊರಗಿನ ಊರಿನವರು ಅಂದುಕೊಂಡರು! ‘ಭೌತಚಿಕಿತ್ಸೆ’ ಬಿಟ್ಟುಬಿಟ್ಟೆವು, ಶಾಲೆಯ ಭೌತಶಾಸ್ತ್ರ ನೆನಪಾಗುತ್ತದೆ. ‘ಅಂಗಮರ್ದನ’ ಅಂದರೆ ಮಾಲೀಶು ಅಂತಲೇ ತಿಳಿಯುತ್ತಾರೆ, ಅದು ಇನ್ನೂ ಕೆಟ್ಟದ್ದು, ಯಾಕಂದರೆ ಲಕ್ವಾ ಆದವರನ್ನು ಸುಮ್ನೆ ಎಣ್ಣೆ ತಿಕ್ಕುವವರ ಹತ್ತಿರ ಕರೆದೊಯ್ದು ಬೆಲೆಬಾಳುವ ದಿನ ಕಳೆಯುತ್ತಾರೆ. ಹಾಗಾಗಿ ಫಿಜಿಯೋಥೆರಪಿ ಅಂತಲೇ ಇಟ್ಟಿದ್ದೇವೆ.

ಸದ್ಯಕ್ಕೆ ಹೀಗಿದೆ: ‘ಅಡ್ಮಿಟ್ ಆದರೆ ಕಾರ್ಡ್ ನಡೆಯುತ್ತದೆ. ದಿನಾ ಬಂದು ಹೋಗುವ ಫಿಜಿಯೋಥೆರಪಿಗೆ ನಡೆಯುವುದಿಲ್ಲ, ಅದಕ್ಕೆ ಜಿಲ್ಲಾಸ್ಪತ್ರೆಗೆ ಹೋಗಿ.’ ಇದಕ್ಕಿಂತ ಚಿಕ್ಕದಾಗಿ, ಓದಲು ಬಾರದವರಿಗೆ ಒಮ್ಮೆ ಹೇಳಿದರೂ ನೆನಪಿರುವಂತೆ ಹೇಳಬಹುದೇ? ಬಾಗಲಕೋಟೆ, ಜಮಖಂಡಿ ಕಡೆಯವರು ‘ಬಂದು ಹೋಗುವ ರೋಗಿ’ಗೆ ಏನಂತೀರಿ? ಚಿಕ್ಕೋಡಿ, ನಿಪ್ಪಾಣಿ ಕಡೆಯವರು ಇನ್ನೊಂದು ಹೇಳಿ: ಕಾರ್ಡಿಗೆ ‘ನಡೆ’ ಸೇರಿದ್ದು ಮರಾಠಿಯ ‘ಚಾಲತೆ’ಯಿಂದಲೋ, ನಮ್ಮ ನಾಣ್ಯದ ಮಾತಿನಿಂದಲೋ?