ಫ್ಯಾನ್ ಫಿಲಂಗೆ ಚಂದಾ ಎತ್ತಿದ್ದೆವು, ಈಗ ಲೀಗಲ್ ನೋಟಿಸ್ ಬಂದಿದೆ

ಪ್ರಶ್ನೆ (ಗದಗ-ಬೆಟಗೇರಿಯಿಂದ)

ನಮಸ್ಕಾರ ಮೇಡಂ. ನಾವು ಎಂಟು ಜನ ಗೆಳೆಯರು. ಒಂದು ದೊಡ್ಡ ಕನ್ನಡ ಸಿನಿಮಾ ಅಂದ್ರೆ ನಮಗೆ ಪ್ರಾಣ. ಸಿನಿಮಾದ ಹೆಸರು, ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಹತ್ತೇ ನಿಮಿಷ ಬಂದು ಸಾಯುವ ಒಬ್ಬ ವಿಲನ್ ಇದ್ದಾನೆ. ಅವನ ಹಿಂದಿನ ಕಥೆಯನ್ನು 40 ನಿಮಿಷದ ಫ್ಯಾನ್ ಫಿಲಂ ಮಾಡಲು ಹೊರಟೆವು. ಕಪ್ಪತಗುಡ್ಡದ ಕೆಳಗಿನ ನಮ್ಮ ಮಾವನ ಹೊಲದಲ್ಲಿ, ಗಾಳಿ ಫ್ಯಾನುಗಳ ಪಕ್ಕ ಆರು ದಿನ ಶೂಟಿಂಗ್ ಆಗಿದೆ. ಟೀಸರ್ ಬಿಟ್ಟು, ಅದರ ಕೊನೆಗೆ ಕ್ಯೂಆರ್ ಕೋಡ್ ಹಾಕಿ ಹಣ ಕೇಳಿದೆವು. 3 ಲಕ್ಷ 80 ಸಾವಿರ ಬಂತು. 500 ಕೊಟ್ಟವರಿಗೆ ಆ ವಿಲನ್ ಮುಖದ ಟೀ ಶರ್ಟ್ ಕೊಟ್ಟೆವು.

ಈಗ ಕಂಪನಿಯ ವಕೀಲರಿಂದ ಅಂಚೆಯಲ್ಲಿ ನೋಟಿಸ್ ಬಂದಿದೆ. 7 ದಿನದಲ್ಲಿ ಎಲ್ಲ ತೆಗೆಯಬೇಕು, ಲೆಕ್ಕ ಕೊಡಬೇಕು, 25 ಲಕ್ಷ ಪರಿಹಾರ ಕೊಡಬೇಕು ಅಂತ ಇದೆ. ನಾವು ಒಂದು ರೂಪಾಯಿ ಲಾಭ ಮಾಡಿಲ್ಲ ಮೇಡಂ. ಪ್ರೀತಿಯಿಂದ ಮಾಡಿದ್ದು ತಪ್ಪಾ? ಅಪ್ಪ ನಿನ್ನೆಯಿಂದ ಸರಿಯಾಗಿ ಊಟ ಮಾಡಿಲ್ಲ.

ಉತ್ತರ (ಧಾರವಾಡದ ವಕೀಲೆ)

ತಮ್ಮಾ, ಮೊದಲು ಅಪ್ಪನಿಗೆ ಊಟ ಮಾಡಿಸಿ. ನೋಟಿಸ್ ಅಂದ್ರೆ ತೀರ್ಪಲ್ಲ. 25 ಲಕ್ಷ ಅವರು ಕೇಳಿರುವ ಮೊತ್ತ, ಯಾವ ಕೋರ್ಟೂ ಹಾಕಿದ್ದಲ್ಲ. ಹಾಗಂತ ಕಪಾಟಿನಲ್ಲಿ ಇಟ್ಟು ಮರೆಯುವ ಕಾಗದವೂ ಅಲ್ಲ.

ಇವತ್ತೇ ಕ್ಯೂಆರ್ ಕೋಡ್ ತೆಗೆಯಿರಿ. ಟೀ ಶರ್ಟ್ ಹಂಚುವುದನ್ನು ನಿಲ್ಲಿಸಿ. ಟೀಸರನ್ನು ಪ್ರೈವೇಟ್ ಮಾಡಿ, ಆದರೆ ಹಾರ್ಡ್ ಡಿಸ್ಕಿನಲ್ಲಿ ಇರುವ ಯಾವುದನ್ನೂ ಅಳಿಸಬೇಡಿ. ಅಳಿಸಿದರೆ ಸಾಕ್ಷಿ ನಾಶ ಮಾಡಿದರು ಅನ್ನುವ ಮಾತು ಬರುತ್ತದೆ. ಎಂಟು ಜನರಲ್ಲಿ ಯಾರೂ ಕಂಪನಿಯನ್ನು ಬೈದು ಪೋಸ್ಟ್ ಹಾಕಬೇಡಿ. ಅವರ ಆಫೀಸಿನಿಂದ ಫೋನ್ ಬಂದರೆ "ನಮ್ಮ ವಕೀಲರು ಬರೆದು ಉತ್ತರ ಕೊಡ್ತಾರೆ" ಅಂತ ಅಷ್ಟೇ ಹೇಳಿ.

ಇನ್ನು ನಿಮ್ಮ ಪ್ರಶ್ನೆ. ನಿಮ್ಮ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರೀತಿಯನ್ನು ಕೇಳುವುದಿಲ್ಲ, ಅನುಮತಿಯನ್ನು ಕೇಳುತ್ತದೆ. ಸಿನಿಮಾದ ಹಕ್ಕು ಸಾಮಾನ್ಯವಾಗಿ ನಿರ್ಮಾಪಕರದ್ದು. ಸೆಕ್ಷನ್ 52ರಲ್ಲಿ ಕೆಲವು ವಿನಾಯಿತಿ ಇವೆ: ಸ್ವಂತಕ್ಕೆ ಬಳಸುವುದು, ವಿಮರ್ಶೆ, ವರದಿ, ಇಂಥವು. "ಲಾಭ ಮಾಡಿಲ್ಲ" ಅನ್ನೋದು ಆ ಪಟ್ಟಿಯಲ್ಲಿ ಪ್ರತ್ಯೇಕ ವಿನಾಯಿತಿ ಆಗಿ ಇಲ್ಲ. ಶಿಕ್ಷೆಯ ವಿಷಯದಲ್ಲಿ ಮಾತ್ರ ಅದು ನೆರವಿಗೆ ಬರುತ್ತದೆ. ಸೆಕ್ಷನ್ 63ರಲ್ಲಿ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ ಇದೆ. ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲ ಅಂದ್ರೆ ಕೋರ್ಟ್ ಕಾರಣ ಬರೆದು ಅದನ್ನು ಕಡಿಮೆ ಮಾಡಬಹುದು. ಇದು ಜಾಮೀನುರಹಿತ ಅಪರಾಧ, ಅಂದ್ರೆ ಜಾಮೀನು ಹಕ್ಕಾಗಿ ಸಿಗಲ್ಲ, ಕೋರ್ಟ್ ಕೊಟ್ಟರೆ ಮಾತ್ರ, ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆದರಿಸಲು ಬರೆಯುತ್ತಿಲ್ಲ. ಇಂಥ ಜಗಳ ಬಹುತೇಕ ಸಿವಿಲ್ ಆಗಿಯೇ ಮುಗಿಯುತ್ತದೆ. ಆದರೆ "ಏನಾಗುತ್ತೆ ಬಿಡಿ" ಅನ್ನುವ ಗೆಳೆಯ ಎಂಟರಲ್ಲಿ ಒಬ್ಬ ಇದ್ದೇ ಇರುತ್ತಾನೆ, ಅವನಿಗೆ ಓದಿ ಹೇಳಿ.

ನಿಮ್ಮದೇ ಥರದ ಒಂದು ಕೇಸ್ ಅಮೆರಿಕದಲ್ಲಿ ನಡೆದಿದೆ. ಸ್ಟಾರ್ ಟ್ರೆಕ್ ಅನ್ನುವ ಬಾಹ್ಯಾಕಾಶ ಕಥೆಯ ಟಿವಿ ಸರಣಿಯ ಅಭಿಮಾನಿಗಳು 2014ರಲ್ಲಿ 'ಪ್ರಿಲ್ಯೂಡ್ ಟು ಆಕ್ಸನಾರ್' ಅಂತ ಸುಮಾರು 20 ನಿಮಿಷದ ಚಿತ್ರ ಮಾಡಿದರು. ಜನ ಮೆಚ್ಚಿದರು. ಪೂರ್ತಿ ಉದ್ದದ ಚಿತ್ರಕ್ಕೆ ಅಂತ ಜನರಿಂದ 10 ಲಕ್ಷ ಡಾಲರಿಗೂ ಜಾಸ್ತಿ ಹಣ ಬಂತು. ಅದರಲ್ಲಿ ಒಂದು ಗೋದಾಮು ಬಾಡಿಗೆಗೆ ಹಿಡಿದು ಸ್ಟುಡಿಯೋ ಮಾಡಲು ಹೊರಟರು. 2015ರ ಡಿಸೆಂಬರ್ ಕೊನೆಗೆ ಸ್ಟಾರ್ ಟ್ರೆಕ್ ಹಕ್ಕು ಇದ್ದ ಪ್ಯಾರಾಮೌಂಟ್ ಮತ್ತು ಸಿಬಿಎಸ್ ಕಂಪನಿಗಳು ಕೇಸ್ ಹಾಕಿದವು.

ಅಲ್ಲೂ ಕಥೆ ಒಬ್ಬ ಚಿಕ್ಕ ಪಾತ್ರದ್ದೇ. ಗಾರ್ತ್ ಅನ್ನುವ ಕ್ಯಾಪ್ಟನ್, 1969ರ ಒಂದೇ ಒಂದು ಕಂತಿನಲ್ಲಿ ಬಂದು ಹೋದವನು. ಆದರೂ ಅವನಿಗೆ ಕಾಪಿರೈಟ್ ರಕ್ಷಣೆ ಇದೆ ಅಂತ ಜಡ್ಜ್ ಹೇಳಿದರು. ಹತ್ತೇ ನಿಮಿಷದ ವಿಲನ್ ಅಲ್ವಾ ಅನ್ನುವ ನಿಮ್ಮ ವಾದಕ್ಕೆ ಇದು ಪೆಟ್ಟು. ಕಂಪನಿಗಳು ಪಾತ್ರ, ಉಡುಪು, ಬಾಹ್ಯಾಕಾಶ ಹಡಗು ಎಲ್ಲವನ್ನೂ ಪಟ್ಟಿ ಮಾಡಿದ್ದವು, ಚೂಪು ಕಿವಿ ಕೂಡ. ಆ ಲೋಕದ ಕ್ಲಿಂಗಾನ್ ಭಾಷೆಗೂ ಹಕ್ಕಿದೆ ಅಂದಾಗ, ಭಾಷೆ ಯಾರ ಸ್ವತ್ತೂ ಅಲ್ಲ ಅಂತ ಭಾಷಾಪ್ರಿಯರ ಒಂದು ಸಂಘ ಕೋರ್ಟಿಗೆ ಬರೆದುಕೊಟ್ಟಿತು. ಅದನ್ನು ಓದಿದಾಗ ನನಗೆ ತುಂಬಾ ಖುಷಿಯಾಗಿತ್ತು.

2017ರ ಜನವರಿ ಮೊದಲ ವಾರ, 'ಫೇರ್ ಯೂಸ್', ಅಂದ್ರೆ ಅನುಮತಿ ಇಲ್ಲದೆಯೂ ನ್ಯಾಯವಾಗಿ ಬಳಸಿದ್ದೇವೆ ಅನ್ನುವ ವಾದ ನಡೆಯುವುದಿಲ್ಲ ಅಂತ ಜಡ್ಜ್ ಹೇಳಿದರು. ಮೂಲಕ್ಕೆ ಆದಷ್ಟು ನಿಷ್ಠವಾಗಿ ಮಾಡಿದ್ದೇವೆ ಅಂತ ಆ ಅಭಿಮಾನಿಗಳು ಹೆಮ್ಮೆಯಿಂದ ಹೇಳಿಕೊಂಡಿದ್ದರಲ್ಲ, ಅದೇ ಅವರಿಗೆ ಮುಳುವಾಯಿತು. ಹೊಸದೇನೂ ಸೇರಿಲ್ಲ ಅನ್ನೋಕೆ ಅದೇ ಆಧಾರವಾಯಿತು. ವಿಚಾರಣೆಗೆ ಇನ್ನೇನು ಹತ್ತು ದಿನ ಇದೆ ಅನ್ನುವಾಗ ರಾಜಿ ಆಯಿತು: 15 ನಿಮಿಷದ ಎರಡು ಭಾಗ ಮಾಡಬಹುದು, ಅಷ್ಟೇ.

ನಡುವೆ, 2016ರ ಜೂನಿನಲ್ಲಿ ಆ ಕಂಪನಿಗಳು ಫ್ಯಾನ್ ಫಿಲಂಗಳಿಗೆ ನಿಯಮ ಹೊರಡಿಸಿದವು. ಒಂದು ಭಾಗ 15 ನಿಮಿಷ ಮೀರಬಾರದು, ಎರಡು ಸೇರಿ 30. ಸಂಗ್ರಹ 50 ಸಾವಿರ ಡಾಲರ್ ಮೀರಬಾರದು. ಯಾರಿಗೂ ಸಂಬಳ ಇಲ್ಲ. ಅಭಿಮಾನಿಗಳಿಗೆ ಅದು ಬಿಗಿ ಅನ್ನಿಸಿತು, ನನಗೂ ಅನ್ನಿಸುತ್ತದೆ. ಆದರೂ ಗೆರೆ ಎಲ್ಲಿದೆ ಅಂತ ಗೊತ್ತಾಯಿತಲ್ಲ. ನಮ್ಮ ನಿರ್ಮಾಪಕರೂ ಹೀಗೆ ಒಂದು ಪುಟ ಬರೆದು ಹಾಕಿದರೆ ಗದಗಿನ ಹುಡುಗರಿಗೆ ಇಂಥ ನೋಟಿಸ್ ಬರುವುದು ತಪ್ಪುತ್ತದೆ. ಇದನ್ನು ನಿಮ್ಮ ಉತ್ತರದಲ್ಲೇ ವಿನಂತಿಯಾಗಿ ಬರೆಯೋಣ ಅಂತ ನನ್ನ ಆಸೆ.

ಪ್ರಶ್ನೆ (ಹಾವೇರಿಯಿಂದ)

ಅಕ್ಕಾರೆ, ಶುರುವಿನಲ್ಲಿ "ಇದು ಅಭಿಮಾನಿಗಳ ಚಿತ್ರ, ಎಲ್ಲ ಹಕ್ಕೂ ಮೂಲ ನಿರ್ಮಾಪಕರದ್ದು" ಅಂತ ಹಾಕಿದರೆ ಸಾಕಾಗಲ್ವಾ?

ಉತ್ತರ

ಸಾಕಾಗಲ್ಲ ರೀ. ಹಕ್ಕು ಅವರದ್ದು ಅಂತ ಗೊತ್ತಿದ್ದೇ ಮಾಡಿದಿರಿ ಅಂತ ನೀವೇ ಬರೆದುಕೊಟ್ಟ ಹಾಗೆ ಆಗುತ್ತದೆ.

ಪ್ರಶ್ನೆ (ಹುಬ್ಬಳ್ಳಿ ವಿದ್ಯಾನಗರದಿಂದ)

ಮೇಡಂ, ನಾನು ಇದೇ ಫಿಲಂಗೆ 501 ಕೊಟ್ಟವನು. ನಮ್ಮ ದುಡ್ಡಿನ ಕಥೆ ಏನು? ಹುಡುಗರ ಮೇಲೆ ಸಿಟ್ಟಿಲ್ಲ, ಕೇಳ್ತಿದ್ದೇನೆ ಅಷ್ಟೇ.

ಉತ್ತರ

ಕೇಳಬೇಕಾದ ಪ್ರಶ್ನೆ ಇದೇ. ಕಂಪನಿಗಿಂತ ಮೊದಲು ಇವರು ಉತ್ತರ ಕೊಡಬೇಕಾದದ್ದು ನಿಮಗೆ. ಹಣ ಕೇಳಿದ್ದು ಒಂದು ಕೆಲಸಕ್ಕೆ. ಬೇರೆಯದಕ್ಕೆ ಹೋದರೆ ಅದು ಕಾಪಿರೈಟ್ ಜಗಳ ದಾಟಿ ಮೋಸದ ಆರೋಪಕ್ಕೆ ಹೋಗುತ್ತದೆ.

2013ರಲ್ಲಿ ತೆರೆಗೆ ಬಂದ 'ಲೂಸಿಯಾ' ಕೂಡ ಜನರ ಹಣದಿಂದಲೇ ಆಗಿದ್ದು. ಆದರೆ ಅಲ್ಲಿ ಕಥೆ ಅವರದ್ದೇ ಆಗಿತ್ತು, ಹಾಗಾಗಿ ತಮ್ಮ ಸ್ವತ್ತಿಗೆ ಹಣ ಕೇಳಿದ್ದರು. ಇಲ್ಲಿ ಬೇರೆಯವರ ಪಾತ್ರ ತೋರಿಸಿ ಕೇಳಿದ್ದು. ಸುಮ್ನೆ ಗೆಳೆಯರು ಕೂಡಿ ಮೊಬೈಲಲ್ಲಿ ಚಿತ್ರ ಮಾಡಿದ್ದರೆ ಕಂಪನಿಯ ಕಣ್ಣು ಇತ್ತ ಬೀಳದೆಯೂ ಇರಬಹುದಿತ್ತು. ಕ್ಯೂಆರ್ ಕೋಡ್, ಟೀ ಶರ್ಟ್ ಬಂದ ಮೇಲೆ ಅದು ಅವರ ಕಣ್ಣಿಗೆ ಇನ್ನೊಂದು ಅಂಗಡಿ.

ಪ್ರಶ್ನೆ (ಗದಗ-ಬೆಟಗೇರಿಯಿಂದ, ಮತ್ತೆ)

ಅಣ್ಣಾ, ಲೆಕ್ಕ ಇದೆ. ನನ್ನ ತಂಗಿ ಉದ್ದನೆಯ ನೋಟ್‌ಬುಕ್‌ನಲ್ಲಿ ಒಂದೊಂದೂ ಬರೆದಿದ್ದಾಳೆ. ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯವರು 51 ಕೊಟ್ಟಿದ್ದೂ ಇದೆ, ಲೈಟಿನ ಬಾಡಿಗೆ, ಮಿರ್ಚಿ-ಗಿರ್ಮಿಟ್ಟಿನ ಖರ್ಚೂ ಇದೆ. 1 ಲಕ್ಷ 40 ಸಾವಿರ ಇನ್ನೂ ಬ್ಯಾಂಕಿನಲ್ಲಿದೆ. ಮೇಡಂ, ಆರು ದಿನದ ಶೂಟಿಂಗ್ ಪೂರ್ತಿ ನೀರುಪಾಲಾ?

ಉತ್ತರ

ಆ ನೋಟ್‌ಬುಕ್ಕಿಗಾಗಿ ನಿಮ್ಮ ತಂಗಿಗೆ ನನ್ನ ನಮಸ್ಕಾರ ಹೇಳಿ. ಪುಟ ಪುಟ ಫೋಟೋ ತೆಗೆದಿಡಿ. ಉಳಿದ ಹಣ ಮುಟ್ಟಬೇಡಿ. ಕೊಟ್ಟವರಿಗೆಲ್ಲ ಮೆಸೇಜ್ ಹಾಕಿ, ಇದ್ದದ್ದು ಇದ್ದ ಹಾಗೆ ಹೇಳಿ, ವಾಪಸ್ ಬೇಕಾ ಕೇಳಿ.

ನೀರುಪಾಲು ಆಗಬೇಕಿಲ್ಲ. 1978ರ ಆರ್.ಜಿ. ಆನಂದ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಇವತ್ತಿಗೂ ಎಲ್ಲರೂ ಹಿಡಿದುಕೊಂಡಿದ್ದಾರೆ: ಬರೀ ಐಡಿಯಾಗೆ, ವಿಷಯಕ್ಕೆ ಕಾಪಿರೈಟ್ ಇಲ್ಲ. ಅದನ್ನು ಹೇಳಿದ ರೀತಿಗೆ ಇದೆ. ಬರಗಾಲದಲ್ಲಿ ಹೊಲ ಕಳೆದುಕೊಂಡ ಹುಡುಗ ಕೆಟ್ಟ ದಾರಿ ಹಿಡಿಯುವುದು ಯಾರಪ್ಪನ ಆಸ್ತಿಯೂ ಅಲ್ಲ. ಆ ವಿಲನ್ ಹೆಸರು, ಅವನ ಕೋಟು, ಅವನ ಡೈಲಾಗು, ಹಿನ್ನೆಲೆ ಸಂಗೀತ, ಇವು ಅವರವು. ಸಂಗೀತದ ಹಕ್ಕು ಆಡಿಯೋ ಕಂಪನಿಯ ಹತ್ತಿರ ಬೇರೆ ಇರಬಹುದು. ನಿಮ್ಮ ಟೀಸರ್ ಈಗ ನೋಡಿದೆ. ತಾಯಿ ಒಣಗಿದ ಜೋಳದ ದಂಟನ್ನು ಮುರಿದು ಒಲೆಗೆ ಇಡುವ ಶಾಟ್ ಇದೆಯಲ್ಲ, ಅದು ಯಾರಿಂದಲೂ ತಂದಿದ್ದಲ್ಲ, ನಿಮ್ಮದೇ. ಅಲ್ಲಿಂದ ಶುರು ಮಾಡಿ ಎಷ್ಟು ಉಳಿಯುತ್ತದೆ ನೋಡಿ. ಹೊಸ ಹೆಸರು, ಹೊಸ ಉಡುಪು, ಸ್ವಂತ ಸಂಗೀತ. ಬರಿ ಹೆಸರು ಬದಲಿಸಿ ಉಳಿದದ್ದು ಹಾಗೇ ಬಿಟ್ಟರೆ ಆಗಲ್ಲ, ನೋಡಿದವರಿಗೆ ಅದೇ ಸಿನಿಮಾ ನೆನಪಾಗಬಾರದು. ಹೊಸ ಸ್ಕ್ರಿಪ್ಟನ್ನು ಕಾಪಿರೈಟ್ ಆಫೀಸಿನಲ್ಲಿ ನೋಂದಾಯಿಸಿ, ಶುಲ್ಕ 500 ರೂಪಾಯಿ.

ಕಂಪನಿಗೆ ಉತ್ತರ ಹೀಗೆ ಬರೆಯೋಣ: ಸಂಗ್ರಹ ನಿಲ್ಲಿಸಿದ್ದೇವೆ, ಟೀಸರ್ ತೆಗೆದಿದ್ದೇವೆ, ಲಾಭ ಪಡೆದಿಲ್ಲ, ಲೆಕ್ಕ ಇದೆ, ಕೂತು ಮಾತಾಡಲು ಸಿದ್ಧ. ಪರಿಹಾರದ ಮೊತ್ತ ಒಪ್ಪುವುದಿಲ್ಲ. ಜೊತೆಗೆ ಕೋರ್ಟಿನಲ್ಲಿ ಒಂದು ಕೇವಿಯಟ್, ಅಂದ್ರೆ ನಮಗೆ ತಿಳಿಸದೆ ಆದೇಶ ಕೊಡಬೇಡಿ ಅನ್ನುವ ಮುಂಗಡ ಅರ್ಜಿ, ಹಾಕಬೇಕು. ಅದಿದ್ದರೆ ನಿಮ್ಮ ಮಾತು ಕೇಳದೆ ತಡೆಯಾಜ್ಞೆ ಕೊಡುವುದು ಸುಲಭ ಅಲ್ಲ. 90 ದಿನ ಜಾರಿಯಲ್ಲಿ ಇರುತ್ತದೆ. ಕಾಪಿರೈಟ್ ಕೇಸನ್ನು ಹಕ್ಕುದಾರರು ತಾವು ವ್ಯವಹಾರ ಮಾಡುವ ಊರಿನಲ್ಲೇ ಹಾಕಬಹುದು, ಅವರ ಆಫೀಸ್ ಬೆಂಗಳೂರಿನಲ್ಲಿ ಇದ್ದರೆ ಅಲ್ಲೂ ಕೇವಿಯಟ್ ಬೇಕು.

ಪ್ರಶ್ನೆ (ಧಾರವಾಡದಿಂದ)

ಮೇಡಂ, ಯೂಟ್ಯೂಬಲ್ಲಿ ಕಾಪಿರೈಟ್ ದೂರಿನಿಂದ ಸ್ಟ್ರೈಕ್ ಬಂದರೆ ಚಾನೆಲ್ಲೇ ಹೋಗುತ್ತಾ?

ಉತ್ತರ

ಒಂದಕ್ಕೆ ಹೋಗಲ್ಲ. 90 ದಿನದಲ್ಲಿ ಮೂರು ಬಂದರೆ ಹೋಗಬಹುದು. ನಿಮ್ಮ ಕಡೆ ನಿಜವಾಗಿ ಹಕ್ಕಿದ್ದರೆ ಮಾತ್ರ ಕೌಂಟರ್ ನೋಟಿಫಿಕೇಶನ್, ಅಂದ್ರೆ ಆ ದೂರು ತಪ್ಪು ಅನ್ನುವ ಉತ್ತರ, ಕೊಡಿ. ಸುಳ್ಳು ಕೊಟ್ಟರೆ ಅದೇ ಮುಂದೆ ಕೊರಳಿಗೆ ಸುತ್ತಿಕೊಳ್ಳುತ್ತದೆ.

ಗದಗಿನ ತಮ್ಮಾ, ನೋಟಿಸ್ ಬಂದ ಕವರ್ ಎಸೆದಿಲ್ಲ ತಾನೇ? ಅದರ ಮೇಲಿನ ಅಂಚೆ ಮುದ್ರೆಯ ತಾರೀಖು ಬೇಕು. ಕವರ್, ನೋಟಿಸ್, ತಂಗಿಯ ನೋಟ್‌ಬುಕ್ ಮೂರನ್ನೂ ತೆಗೆದುಕೊಂಡು ನಾಳೆ ಬೆಳಿಗ್ಗೆಯ ಬಸ್ಸಿಗೇ ಬನ್ನಿ. ಅಪ್ಪನನ್ನೂ ಕರೆದುಕೊಂಡು ಬನ್ನಿ, ನಾನೇ ಕೂತು ಹೇಳುತ್ತೇನೆ.