ಫೈನಲ್ ಫ್ಯಾಂಟಸಿ 14: ಹೀಲರ್ ಆಗಿ ಮೊದಲ ಎರಡು ವಾರ, ನಿಮ್ಮ ಸಲಹೆ ಬೇಕು

ಹಸಿರುಕೋಲು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಇದುವರೆಗೆ ನಾನು ಆಡಿದ್ದೆಲ್ಲವೂ ಒಬ್ಬಳೇ ಕುಳಿತು ಮುಗಿಸುವ ಆಟಗಳು. ಜೊತೆಗಾರರೊಂದಿಗೆ ಆಡುವ ಆನ್‌ಲೈನ್ ಆಟವೆಂದರೆ ಇದೇ ಮೊದಲು. ಜೊತೆಗಾರರ ಗಾಯ ಗುಣಪಡಿಸುವ ಹೀಲರ್ ಪಾತ್ರಗಳಲ್ಲಿ ಒಂದಾದ ಕಾಂಜುರರ್ ಆಗಿ ಗ್ರಿಡೇನಿಯಾದಿಂದ ಆರಂಭಿಸಿದೆ. ಮರಗಳ ನಡುವೆ ಬೆಳೆದ ಆ ಊರು, ಅಲ್ಲಿನ ನೀರಿನ ಚಕ್ರಗಳ ಸದ್ದು, ರಾತ್ರಿ ಹೊತ್ತು ದೀಪಗಳ ಕೆಳಗೆ ನಡೆಯುವುದು, ಇವೆಲ್ಲ ನನಗೆ ಬಹಳ ಹಿಡಿಸಿದವು. ಕಥೆ ನಿಧಾನವಾಗಿ ಸಾಗುತ್ತದೆ, ಓದುವುದು ಹೆಚ್ಚು, ಆದರೆ ಅದರ ಬಗ್ಗೆ ನನಗೆ ಬೇಸರವಿಲ್ಲ.

ತೊಡಕು ಬಂದದ್ದು ಲೆವೆಲ್ 15ರಲ್ಲಿ. ಕಥೆ ನನ್ನನ್ನು ಸಸ್ಟಾಷಾ ಎಂಬ, ಗುಂಪಾಗಿ ಹೋಗಿ ಶತ್ರುಗಳನ್ನು ಸೋಲಿಸಬೇಕಾದ ಮೊದಲ ಡಂಜನ್‌ಗೆ ಕಳುಹಿಸಿತು. ಶತ್ರುಗಳ ಹೊಡೆತವನ್ನು ತನ್ನ ಮೇಲೆ ಎಳೆದುಕೊಳ್ಳುವ ಒಬ್ಬ ಟ್ಯಾಂಕ್, ಒಬ್ಬ ಹೀಲರ್, ದಾಳಿ ಮಾಡುವವರು ಇಬ್ಬರು, ಒಟ್ಟು ನಾಲ್ವರ ಪಾರ್ಟಿ. ಒಳಗೆ ಹೋದ ಕ್ಷಣದಿಂದ ನನ್ನ ಕಣ್ಣು ಪರದೆಯ ಅಂಚಿನಲ್ಲಿರುವ ನಾಲ್ಕು ಆರೋಗ್ಯದ ಪಟ್ಟಿಗಳ ಮೇಲೆಯೇ ನಿಂತುಬಿಟ್ಟಿತು. ಹವಳಗಳಿರುವ ಆ ಗುಹೆ ಹೇಗಿತ್ತೆಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಕೊನೆಯ ಬಾಸ್ ಡೆನ್ ಬಳಿ ಸುತ್ತಲಿನ ನೀರಿನಿಂದ ಒಂದರ ಹಿಂದೊಂದು ಶತ್ರುಗಳು ಬಂದವು. ಅವು ಎಲ್ಲಿಂದ ಬರುತ್ತಿವೆಯೆಂದು ತಿಳಿಯುವಷ್ಟರಲ್ಲಿ ನನ್ನ ಮಂತ್ರಶಕ್ತಿ ಬರಿದಾಗಿ, ಟ್ಯಾಂಕ್ ಬಿದ್ದು, ಎಲ್ಲರೂ ಸತ್ತೆವು. ಯಾರೂ ಬೈಯಲಿಲ್ಲ. ಆದರೂ ಮೂರು ಜನರ ಸಮಯವನ್ನು ಹಾಳುಮಾಡಿದೆನೆಂಬ ಭಾವನೆ ಇನ್ನೂ ಹೋಗಿಲ್ಲ.

ಹೀಲರ್ ಆದವರು ಯಾವಾಗಲೂ ಆ ಪಟ್ಟಿಗಳನ್ನೇ ನೋಡುತ್ತಿರಬೇಕೇ? ಎಲ್ಲರ ಆರೋಗ್ಯವೂ ಪೂರ್ತಿ ಇರುವಾಗ ನಾನೇನು ಮಾಡಬೇಕು? ಅಥವಾ ಈ ಪಾತ್ರವನ್ನೇ ಬಿಟ್ಟು, ಜವಾಬ್ದಾರಿ ಕಡಿಮೆಯಿರುವ ಬೇರೊಂದನ್ನು ಆರಿಸಿಕೊಳ್ಳುವುದು ಒಳ್ಳೆಯದೇ?

ಗುರಾಣಿಗಾರ:

ದಯವಿಟ್ಟು ಬಿಡಬೇಡಿ. ನಾನು ಹಲವು ವರ್ಷಗಳಿಂದ ಟ್ಯಾಂಕ್ ಆಗಿ ಆಡುತ್ತಿದ್ದೇನೆ, ಹಾಗಾಗಿ ಎದುರು ಬದಿಯಿಂದ ಕಂಡದ್ದನ್ನು ಹೇಳುತ್ತೇನೆ.

ನಿಮ್ಮ ಮಂತ್ರಶಕ್ತಿ ಬರಿದಾದದ್ದು, ಬಹುಶಃ, ಯಾರ ಆರೋಗ್ಯ ಸ್ವಲ್ಪ ಇಳಿದರೂ ತಕ್ಷಣ ಕ್ಯೂರ್ ಎಂಬ ಗುಣಪಡಿಸುವ ಮಂತ್ರ ಹಾಕಿದ್ದರಿಂದ. ಪಟ್ಟಿ ಸದಾ ತುಂಬಿರಬೇಕೆಂಬ ನಿಯಮವೇನೂ ಇಲ್ಲ. ಅರ್ಧ ಆರೋಗ್ಯವಿರುವ ಟ್ಯಾಂಕ್ ಕೂಡ ಪೂರ್ತಿ ಇರುವವನಷ್ಟೇ ಗಟ್ಟಿಯಾಗಿ ಹೊಡೆತ ತಿನ್ನುತ್ತಾನೆ. ಕ್ಯೂರ್ ಮುಗಿಯಲು ಒಂದೂವರೆ ಸೆಕೆಂಡು ಬೇಕು, ಎರಡು ಮಂತ್ರಗಳ ನಡುವಿನ ಅಂತರ ಎರಡೂವರೆ ಸೆಕೆಂಡು. ಮುಂದಿನ ಎರಡೂವರೆ ಸೆಕೆಂಡಿನಲ್ಲಿ ಟ್ಯಾಂಕ್ ಸಾಯುತ್ತಾನೆಯೇ ಎಂದಷ್ಟೇ ಕೇಳಿಕೊಳ್ಳಿ. ಇಲ್ಲವೆನಿಸಿದರೆ ಸ್ಟೋನ್ ಎಂಬ ದಾಳಿಯ ಮಂತ್ರ ಹಾಕಿ ಶತ್ರುವನ್ನು ಹೊಡೆಯಿರಿ. ಎಲ್ಲರ ಆರೋಗ್ಯ ಪೂರ್ತಿ ಇರುವಾಗ ಏನು ಮಾಡಬೇಕೆಂಬ ಪ್ರಶ್ನೆಗೆ ಉತ್ತರವೂ ಅದೇ. ಶತ್ರು ಬೇಗ ಸತ್ತಷ್ಟೂ ನೀವು ಗುಣಪಡಿಸಬೇಕಾದ ಗಾಯ ಕಡಿಮೆ.

ಇನ್ನೊಂದು ವಿಷಯವನ್ನು ಹೊಸ ಹೀಲರ್‌ಗಳಿಗೆ ಯಾರೂ ಹೇಳುವುದಿಲ್ಲ. ಗುಣಪಡಿಸುವ ಪ್ರತಿ ಮಂತ್ರವೂ ಶತ್ರುಗಳ ಸಿಟ್ಟನ್ನು ನಿಮ್ಮ ಕಡೆಗೆ ಸ್ವಲ್ಪ ಎಳೆಯುತ್ತದೆ. ಆ ಸಿಟ್ಟನ್ನು ತನ್ನ ಮೇಲೆ ಹಿಡಿದಿಡಲು ಟ್ಯಾಂಕ್ ತನ್ನ 'ನಿಲುವು' ಎಂಬ ಸಾಮರ್ಥ್ಯವನ್ನು ಆನ್ ಮಾಡಿಕೊಂಡಿರಬೇಕು. ಅದು ಸಿಗುವುದೇ ಲೆವೆಲ್ 10ರಲ್ಲಿ, ಆದ್ದರಿಂದ ಸಸ್ಟಾಷಾಕ್ಕೆ ಬರುವ ಹೊಸ ಟ್ಯಾಂಕ್‌ಗಳು ಆಗಾಗ ಮರೆತಿರುತ್ತಾರೆ. ಶತ್ರುಗಳ ಪಟ್ಟಿಯಲ್ಲಿ ಒಂದು ಹೆಸರಿನ ಪಕ್ಕ ಕೆಂಪು ಚೌಕ ಕಂಡರೆ ಆ ಶತ್ರು ನಿಮ್ಮನ್ನೇ ಗುರಿಮಾಡಿದೆ ಎಂದರ್ಥ. ಆಗ ದೂರ ಓಡಬೇಡಿ, ನೇರವಾಗಿ ಟ್ಯಾಂಕ್ ಪಕ್ಕಕ್ಕೆ ಬಂದು ನಿಲ್ಲಿ. ನೀವು ಓಡಿದರೆ ನಾವೂ ನಿಮ್ಮ ಹಿಂದೆ ಓಡಬೇಕಾಗುತ್ತದೆ, ಅಷ್ಟರಲ್ಲಿ ಉಳಿದ ಶತ್ರುಗಳು ಚದುರಿಹೋಗುತ್ತವೆ.

ಡೆನ್ ಕಾಳಗದಲ್ಲಿ ನೀವು ಸೋತದ್ದು ನಿಮ್ಮೊಬ್ಬರಿಂದಲ್ಲ. ಅಲ್ಲಿ ಜಾಲರಿಗಳ ಬಳಿ ನೀರು ಗುಳುಗುಳು ಎಂದಾಗ ಯಾರಾದರೂ ಹೋಗಿ ಅದನ್ನು ಮುಟ್ಟಿದರೆ ಶತ್ರುಗಳು ಮೇಲೆ ಬರುವುದೇ ಇಲ್ಲ. ಆ ಕೆಲಸವನ್ನು ನಾಲ್ವರಲ್ಲಿ ಯಾರು ಬೇಕಾದರೂ ಮಾಡಬಹುದಿತ್ತು.

ಸಂಜೆಯಾಟ:

ಗುರಾಣಿಗಾರ ಅವರ ಮಾತು ಒಪ್ಪುತ್ತೇನೆ. ಆದರೆ ಅಷ್ಟನ್ನೂ ಅಪರಿಚಿತರ ಎದುರಿಗೇ ಕಲಿಯಬೇಕಾಗಿಲ್ಲ. 2022ರ ಏಪ್ರಿಲ್‌ನಲ್ಲಿ ಬಂದ 6.1 ಅಪ್‌ಡೇಟ್‌ನಿಂದ ಡ್ಯೂಟಿ ಸಪೋರ್ಟ್ ಎಂಬ ವ್ಯವಸ್ಥೆಯಿದೆ. ಅದರಲ್ಲಿ ಉಳಿದ ಮೂವರೂ ಕಂಪ್ಯೂಟರ್ ನಡೆಸುವ ಪಾತ್ರಗಳು. ಅವರಿಗೆ ಅವಸರವಿಲ್ಲ, ಬೇಸರವೂ ಆಗುವುದಿಲ್ಲ. ಹವಳದ ಗುಹೆಯನ್ನು ನೋಡಬೇಕೆನಿಸಿದರೆ ಅಲ್ಲೇ ನಿಂತು ನೋಡಿ. ನೆಲದ ಮೇಲೆ ಬಿದ್ದಿರುವ ರಕ್ತದ ಕಲೆಯ ಚೀಟಿಯನ್ನು ನಿಮ್ಮ ಪಾರ್ಟಿಯಲ್ಲಿ ಯಾರಾದರೂ ಓದಿದ್ದರೇ? ಯಾವ ಬಣ್ಣದ ಹವಳವನ್ನು ಮುಟ್ಟಬೇಕೆಂದು ಅದರಲ್ಲಿ ಬರೆದಿದೆ. ಗಡಿಬಿಡಿಯಲ್ಲಿ ಹೆಚ್ಚಿನವರು ಅದನ್ನು ದಾಟಿಹೋಗುತ್ತಾರೆ.

ಒಂದು ಕೊರತೆಯನ್ನೂ ಹೇಳಿಬಿಡಬೇಕು. ಆ ಪಾತ್ರಗಳು ಮನುಷ್ಯರಂತೆ ಎಡವುವುದಿಲ್ಲ. ಜೊತೆಗಾರನು ತಪ್ಪು ಜಾಗದಲ್ಲಿ ನಿಂತು ಬಿದ್ದಾಗ, ಹೋರಾಟದ ನಡುವೆ ಎಂಟು ಸೆಕೆಂಡು ಅಲುಗಾಡದೆ ನಿಂತು, 10,000ದಲ್ಲಿ 2,400ರಷ್ಟು ಮಂತ್ರಶಕ್ತಿ ಕೊಟ್ಟು ಅವನನ್ನು ಎಬ್ಬಿಸಬೇಕೇ, ಅಥವಾ ಟ್ಯಾಂಕನ್ನು ಉಳಿಸಿಕೊಳ್ಳಬೇಕೇ ಎಂಬ ಲೆಕ್ಕ ಮನುಷ್ಯರ ಜೊತೆ ಆಡಿದಾಗಲೇ ಬರುತ್ತದೆ. ನನ್ನ ಮಟ್ಟಿಗೆ ಹೀಲರ್ ಆಟದ ನಿಜವಾದ ಸೊಗಸು ಅಲ್ಲಿಯೇ ಇದೆ. ಒಂದೆರಡು ಸಲ ಡ್ಯೂಟಿ ಸಪೋರ್ಟ್‌ನಲ್ಲಿ ದಾರಿ ಪರಿಚಯ ಮಾಡಿಕೊಂಡು, ಆಮೇಲೆ ಮನುಷ್ಯರ ಕಡೆಗೆ ಬನ್ನಿ.

ಇನ್ನು ಸಮಯ ಹಾಳುಮಾಡಿದೆನೆಂಬ ಚಿಂತೆ. ನಿಮ್ಮ ಹೆಸರಿನ ಪಕ್ಕದಲ್ಲಿ ಪುಟ್ಟ ಹಸಿರು ಮೊಳಕೆಯ ಗುರುತಿದೆ, ಗಮನಿಸಿದ್ದೀರಾ? ಹೊಸಬರು ಇದ್ದಾರೆಂದು ಅದು ಎಲ್ಲರಿಗೂ ಹೇಳುತ್ತದೆ. ಮೊದಲ ಬಾರಿ ಆ ಡಂಜನ್‌ಗೆ ಬಂದವರು ಪಾರ್ಟಿಯಲ್ಲಿದ್ದರೆ ಉಳಿದವರಿಗೆ ಹೆಚ್ಚುವರಿ ಬಹುಮಾನ ಸಿಗುತ್ತದೆ. ಹಳಬರ ಲೆವೆಲನ್ನು ಆಟವೇ ಇಳಿಸಿ ಇಂಥ ಆರಂಭದ ಡಂಜನ್‌ಗಳಿಗೆ ಮತ್ತೆ ಕರೆತರುವ ಏರ್ಪಾಡೂ ಇದೆ. ಹಾಗಾಗಿ ನಿಮ್ಮೊಂದಿಗಿದ್ದ ಮೂವರಲ್ಲಿ ಯಾರಾದರೂ ಆ ಗುಹೆಯನ್ನು ಐವತ್ತನೆಯ ಸಲ ನೋಡುತ್ತಿದ್ದಿರಬಹುದು.

ಹಸಿರುಕೋಲು:

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಡ್ಯೂಟಿ ಸಪೋರ್ಟ್‌ನಲ್ಲಿ ಎರಡು ಬಾರಿ ಹೋಗಿ, ಚೀಟಿಯನ್ನು ಓದಿ, ಗುಹೆಯನ್ನು ಮನಸಾರೆ ನೋಡಿ, ನಿನ್ನೆ ರಾತ್ರಿ ಮತ್ತೆ ಮನುಷ್ಯರ ಪಾರ್ಟಿಗೆ ಸೇರಿದೆ. ಬಾಗಿಲಲ್ಲೇ "ನಾನು ಹೊಸಬಳು" ಎಂದು ಬರೆದೆ. ಟ್ಯಾಂಕ್ ಪ್ರತಿ ಗುಂಪಿನ ಮುಂದೆ ಒಂದು ಕ್ಷಣ ನಿಂತು ನನಗಾಗಿ ಕಾದರು. ಡೆನ್ ಬಳಿ ಒಂದು ಜಾಲರಿಯ ಪಕ್ಕದಲ್ಲೇ ನಿಂತು ಸ್ಟೋನ್ ಹಾಕುತ್ತಿದ್ದೆ, ನೀರು ಗುಳುಗುಳು ಎಂದಾಗ ಓಡಿಹೋಗಿ ಮುಟ್ಟಿದೆ, ತಿರುಗಿ ನೋಡಿದರೆ ಟ್ಯಾಂಕ್‌ನ ಆರೋಗ್ಯ ಅರ್ಧಕ್ಕೂ ಕೆಳಗಿತ್ತು. ಕೈ ನಡುಗಿತು, ಆದರೂ ಕ್ಯೂರ್ ಸಮಯಕ್ಕೆ ತಲುಪಿತು. ಮುಗಿದಾಗ ನನ್ನ ಮಂತ್ರಶಕ್ತಿಯಲ್ಲಿ ಅರ್ಧದಷ್ಟು ಇನ್ನೂ ಉಳಿದಿತ್ತು.

ಹೀಲರ್ ಆಗಿಯೇ ಮುಂದುವರಿಯುತ್ತೇನೆ. ಲೆವೆಲ್ 30ರಲ್ಲಿ, ಕಾಂಜುರರ್ ಪಾತ್ರದ ಮುಂದಿನ ಹಂತವಾದ ವೈಟ್ ಮೇಜ್ ಆದಮೇಲೆ ಮತ್ತೆ ಇಲ್ಲಿ ಬರೆಯುತ್ತೇನೆ.