ಗೆಳೆಯರ ಗುಂಪಿನಲ್ಲಿ ಒಬ್ಬನಿಗೆ ತುಳು ಬರುವುದಿಲ್ಲ, ಮಾತು ಯಾವ ಭಾಷೆಯಲ್ಲಿ?

ಕದ್ರಿಗುಡ್ಡೆ: ಮಂಗಳೂರಿನಲ್ಲಿ ನಮ್ಮದು ಆರು ಜನರ ವಾಟ್ಸಾಪ್ ಗುಂಪು. ಮೂವರದ್ದು ತುಳು, ಒಬ್ಬಳದ್ದು ಕೊಂಕಣಿ, ಒಬ್ಬನದ್ದು ಬ್ಯಾರಿ, ಹೊಸತಾಗಿ ಸೇರಿದವ ಮೈಸೂರು ಕಡೆಯವ. ಶನಿವಾರ ರಾತ್ರಿ ಒಬ್ಬ "ಎಲ್ಲೆ ಕಾಂಡೆ ಏಳ್ ಗಂಟೆಗ್ ಸ್ಟೇಟ್‌ಬ್ಯಾಂಕ್‌ಗ್ ಬಲೆ" ಅಂತ ಹಾಕಿದ. ನಾಳೆ ಬೆಳಿಗ್ಗೆ ಏಳಕ್ಕೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಬನ್ನಿ ಅಂತ ಅರ್ಥ. ಮೈಸೂರಿನವ "ಎಲ್ಲೆ"ಯನ್ನು "ಎಲ್ಲಿ" ಅಂತ ಓದಿ, ಜಾಗ ಕೇಳ್ತಿದ್ದಾರೆ ಅಂದುಕೊಂಡು, ತನಗೆ ಗೊತ್ತಿದ್ದ ಬಿಜೈ ಕೆಎಸ್ಸಾರ್ಟಿಸಿ ಸ್ಟ್ಯಾಂಡಿನ ಲೊಕೇಶನ್ ಕಳಿಸಿ ಮಲಗಿದ. ಅವನಿಗೆ ಉಡುಪಿಯ ಮಲ್ಪೆಗೆ ಹೋಗುದು ತಪ್ಪಿತು, ಅದರ ಮೇಲೆ ಮುನಿಸು. ನನ್ನ ಮಾತು ಇಷ್ಟೇ: ತುಳು ಬಾರದವ ಒಬ್ಬನೇ ಇದ್ದರೂ ಗುಂಪಿನಲ್ಲಿ ಕನ್ನಡವೇ ಬೇಕು.

ಮಲ್ಪೆಯ ಗಾಳಿ: "ಕನ್ನಡವೇ ಬೇಕು" ಅಂತ ಐದು ಜನರ ಬಾಯಿ ಕಟ್ಟುದು ಯಾವ ನ್ಯಾಯ? 2011ರ ಜನಗಣತಿಯಲ್ಲಿ ತುಳು ಅಂತ ಬರೆಸಿದವರು 18 ಲಕ್ಷಕ್ಕೂ ಹೆಚ್ಚು. ಊರಿಗೆ ಬಂದವ ಕಲಿಯಲಿ. ಇನಿ (ಇವತ್ತು), ಎಲ್ಲೆ (ನಾಳೆ), ಕೋಡೆ (ನಿನ್ನೆ), ಬಲೆ (ಬನ್ನಿ), ಪೋಲೆ (ಹೋಗಿ), ಬೋಡು (ಬೇಕು), ಬೊಡ್ಚಿ (ಬೇಡ). ಈ ಏಳು ಶಬ್ದ ಒಂದು ಸಂಜೆಯ ಕೆಲಸ.

ಘಟ್ಟದ ಮೇಲಿನವ: "ಒಂದು ಸಂಜೆಯ ಕೆಲಸ" ಅಂತ ಸಲೀಸಾಗಿ ಹೇಳಿಬಿಟ್ರಿ. ತೊಂದರೆ ಇರೋದು ಗೊತ್ತಿಲ್ಲದ ಪದಗಳಲ್ಲಿ ಅಲ್ಲ ಸಾರ್. "ಕಾಂಡೆ" ಅಂದರೆ ಯಾರಾದರೂ ಏನು ಅಂತ ಕೇಳ್ತಾರೆ. ಕನ್ನಡದ ಹಾಗೇ ಕಾಣೋ ಪದಕ್ಕೆ ಯಾರೂ ಕೇಳಲ್ಲ. "ಇಲ್ಲಡ್ ಉಲ್ಲೆ" ಅಂದರೆ ಮನೆಯಲ್ಲಿದ್ದೇನೆ ಅಂತ, ಆದರೆ ನಮಗೆ ಮೊದಲು ಕಾಣೋದು "ಇಲ್ಲ". "ಬಲೆ" ಅಂದರೆ ಮೀನು ಹಿಡಿಯೋದು, "ಕಂಡ" ಅಂದರೆ ನೋಡಿದ. ನಿಮ್ಮಲ್ಲಿ ಒಂದು ಬನ್ನಿ, ಇನ್ನೊಂದು ಗದ್ದೆ. ಇನ್ನು ನಿಮ್ಮ ಕನ್ನಡವಾದರೂ ನೆಟ್ಟಗಿದೆಯಾ? ಎಳನೀರಿಗೆ ಬೊಂಡ ಅಂತೀರಿ. ಹೋಟೆಲಲ್ಲಿ ಸಜ್ಜಿಗೆ ಕೇಳಿದರೆ ಉಪ್ಪಿಟ್ಟು ತಂದಿಡ್ತಾರೆ. ಸಜ್ಜಿಗೆ ಅಂದರೆ ಸಿಹಿ.

ಬಲ್ಮಠ ರೋಡ್: "ಸಜ್ಜಿಗೆ ಅಂದರೆ ಸಿಹಿ" ಅಂತ ನಮ್ಮ ಊರಿಗೆ ಬಂದು ಹೇಳ್ಬೇಡಿ ಮಾರಾಯ್ರೆ. ಒಂದು ಲೋಟ ರವೆಯನ್ನು ಬಣ್ಣ ತಿರುಗದ ಹಾಗೆ, ಪರಿಮಳ ಬರುವಷ್ಟೇ ಹುರಿಯಿರಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಹಸಿಮೆಣಸು, ಬೇವಿನಸೊಪ್ಪು. ಎರಡೂವರೆ ಲೋಟ ನೀರು ಕುದಿಸಿ, ಉಪ್ಪು ಹಾಕಿ, ರವೆ ಉದುರಿಸ್ತಾ ಕೈಯಾಡಿಸಿ. ಒಮ್ಮೆಲೇ ಸುರಿದರೆ ಗಂಟು ಕಟ್ತದೆ. ಕೊನೆಗೆ ಕಾಯಿತುರಿ. ಇದು ಸಜ್ಜಿಗೆ. ಇದರ ಜೊತೆಗೆ ಬಜಿಲ್, ಅಂದರೆ ಮಸಾಲೆ ಕಲಸಿದ ಅವಲಕ್ಕಿ. ಅವಲಕ್ಕಿಗೆ ಸ್ವಲ್ಪ ನೀರು ಚಿಮುಕಿಸಿ ಕಲಸುದು.

ಘಟ್ಟದ ಮೇಲಿನವ: ಅಡುಗೆ ಕ್ರಮ ಬರೆದ ಮಾತ್ರಕ್ಕೆ ಹೆಸರು ನಿಮ್ಮದಾಗಲ್ಲ. ಸತ್ಯನಾರಾಯಣ ಪೂಜೆಗೆ ಏನು ಮಾಡ್ತಾರೆ? ರವೆ, ತುಪ್ಪ, ಸಕ್ಕರೆ, ಹಾಲು, ಬಾಳೆಹಣ್ಣು. ಮೈಸೂರು ಸೀಮೆಯಲ್ಲಿ ಅದನ್ನೇ ಸಜ್ಜಿಗೆ ಅನ್ನೋದು. ದೇವರ ನೈವೇದ್ಯಕ್ಕೆ ಈರುಳ್ಳಿ ಉಪ್ಪಿಟ್ಟು ಇಡ್ತಾರಾ?

ಬಲ್ಮಠ ರೋಡ್: "ಈರುಳ್ಳಿ" ಅಂತ ನಾನು ಬರೆದೇ ಇಲ್ಲ, ಮೇಲೆ ಇನ್ನೊಮ್ಮೆ ಓದಿ! ಮತ್ತೆ ಆ ಪ್ರಸಾದಕ್ಕೆ ಇಲ್ಲಿ ಸಪಾದ ಭಕ್ಷ್ಯ ಅಂತ ಹೆಸರು. ಸಪಾದ ಅಂದರೆ ಒಂದೂಕಾಲು, ಪ್ರತಿಯೊಂದನ್ನೂ ಒಂದೂಕಾಲು ಅಳತೆ ಹಾಕುದು. ಅದಕ್ಕೆ ಅದರದ್ದೇ ಹೆಸರು ಉಂಟು. ಸಜ್ಜಿಗೆ ಬೇರೆ.

ಕುಂದಾಪ್ರದ ಹೆಣ್: ಹ್ವಾಯ್, ಮೇಲೆ ಅವಲಕ್ಕಿಗೆ "ನೀರು ಚಿಮುಕಿಸಿ" ಅಂತ ಬರೆದವ್ರ್ ಯಾರ್? ತೆಳು ಅವಲಕ್ಕಿಗೆ ನೀರ್ ಹಾಕುಕಾಗ. ಎರಡು ಲೋಟ ತೆಳು ಅವಲಕ್ಕಿಗೆ ಮುಕ್ಕಾಲು ಲೋಟ ಹಸಿ ಕಾಯಿತುರಿ. ಬೆಲ್ಲ, ಉಪ್ಪು, ಹುರಿದು ಪುಡಿ ಮಾಡಿದ ಕೊತ್ತಂಬರಿ, ಜೀರಿಗೆ, ಕೆಂಪು ಮೆಣಸನ್ನು ಮೊದಲು ಕಾಯಿಗೆ ಸೇರಿಸಿ ಕೈಯಲ್ಲೇ ಗಟ್ಟಿಯಾಗಿ ಹಿಚುಕಬೇಕು. ಕಾಯಿ ರಸ ಬಿಡ್ತದೆ, ಬೆಲ್ಲ ಕರಗ್ತದೆ. ಆಮೇಲೆ ಅವಲಕ್ಕಿ ಹಾಕಿ ಹಗುರಾಗಿ ಕಲಸಿ ಹತ್ತು ನಿಮಿಷ ಮುಚ್ಚಿಡಿ. ಆ ರಸ ಸಾಕು. ನೀರು ಬಿದ್ದರೆ ಮುದ್ದೆ.

ಕದ್ರಿಗುಡ್ಡೆ: ನಾನು ಕೇಳಿದ್ದು ಅವಲಕ್ಕಿಯನ್ನಲ್ಲ. ಗುಂಪಿನ ಭಾಷೆ.

ಬಲ್ಮಠ ರೋಡ್: "ನೀರು ಬಿದ್ದರೆ ಮುದ್ದೆ" ಅಂತ ಒಂದೇ ಮಾತಲ್ಲಿ ತೀರ್ಮಾನ ಕೊಟ್ರಿ. ಪೇಟೆಯಲ್ಲಿ ಸಿಕ್ಕುವ ಕಾಯಿ ಎರಡು ದಿನ ಹಳತು, ಹಿಚುಕಿದರೆ ಎಲ್ಲಿಂದ ರಸ? ಕೈ ಅದ್ದಿ ಎರಡು ಸಲ ಚಿಮುಕಿಸಿದರೆ ಏನೂ ಆಗುದಿಲ್ಲ.

ಕುಂದಾಪ್ರದ ಹೆಣ್: "ಹಳತು" ಕಾಯಿ ತಂದದ್ದು ಅವಲಕ್ಕಿಯ ತಪ್ಪಲ್ಲ. ಹೊಸ ಕಾಯಿ ಒಡೀನಿ.

ಫಳ್ನೀರ್: ಸಜ್ಜಿಗೆ ಬಿಡಿ. ಆ ಗುಂಪಿನಲ್ಲಿ ಒಬ್ಬಳು ಕೊಂಕಣಿಯವಳು ಇದ್ದಾಳೆ, ಇಷ್ಟು ಹೊತ್ತು ಯಾರಿಗೂ ಕಾಣಲಿಲ್ಲ. ಅವಳಿಗೆ ತುಳುವೂ ಬರ್ತದೆ, ಕನ್ನಡವೂ ಬರ್ತದೆ. ಅವಳ "ಫಾಲ್ಯಾಂ" ಅಂದರೆ ನಾಳೆ ಅಂತ ಉಳಿದ ಐದು ಜನರಲ್ಲಿ ಎಷ್ಟು ಜನ ಕಲಿತಿದ್ದಾರೆ? "ಊರಿಗೆ ಬಂದವ ಕಲಿಯಲಿ" ಅನ್ನುವವರು ಪಕ್ಕದ ಮನೆಯ ಭಾಷೆಯನ್ನು ಮೊದಲು ಕಲಿಯಲಿ. ಸ್ನೇಹ ಅಂದ ಮೇಲೆ ಕಲಿಯುವ ಭಾರ ಒಬ್ಬರದ್ದೇ ಆಗಬಾರದು.

ಮಲ್ಪೆಯ ಗಾಳಿ: "ಭಾರ" ಅಂತೆ! ಕೊಂಕಣಿ 1992ರಲ್ಲೇ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳ ಪಟ್ಟಿಗೆ ಸೇರಿತು. ತುಳು ಇನ್ನೂ ಹೊರಗೆ ನಿಂತಿದೆ. ನಾವು ಗುಂಪಿನಲ್ಲಿ ಕೂಡ ಮಾತಾಡದಿದ್ದರೆ ಮತ್ತೆಲ್ಲಿ ಮಾತಾಡುದು?

ಫಳ್ನೀರ್: ಕೇಳಿದ ಪ್ರಶ್ನೆಗೆ ಪರಿಚ್ಛೇದ ಉತ್ತರ ಅಲ್ಲ. ಕಲಿತಿದ್ದೀರಾ ಇಲ್ಲವಾ?

ಬಂದರ್ ಮಾಬು: ಕಲಿಯುವುದಕ್ಕೆ ಕಾಯಬೇಕಂತ ಇಲ್ಲ. ಗೂಗಲ್ ಟ್ರಾನ್ಸ್‌ಲೇಟಿಗೆ 2024ರಲ್ಲಿ ತುಳು ಬಂದಿದೆ, ಕೊಂಕಣಿ ಅದಕ್ಕೂ ಎರಡು ವರ್ಷ ಮೊದಲೇ. ಮೆಸೇಜ್ ಒತ್ತಿ ಹಿಡಿದು ಕಾಪಿ ಮಾಡಿ, ಅಲ್ಲಿ ಅಂಟಿಸಿ, ಮೂಲ ಭಾಷೆ ತುಳು ಅಂತ ನೀವೇ ಆರಿಸಿ. ಕನ್ನಡ ಲಿಪಿ ನೋಡಿ ಅದು ಕನ್ನಡ ಅಂತ ಎಣಿಸಿದರೆ ಕೆಟ್ಟಿತು. ಕೀಬೋರ್ಡ್ ಕನ್ನಡದಲ್ಲಿಟ್ಟು ತುಳುವನ್ನು ಬಾಯಲ್ಲಿ ಹೇಳಿ ಟೈಪ್ ಮಾಡ್ಬೇಡಿ, ಅದು ಹತ್ತಿರದ ಕನ್ನಡ ಶಬ್ದ ಹುಡುಕಿ ಕೂರಿಸ್ತದೆ. ಇಂಗ್ಲಿಷ್ ಅಕ್ಷರದಲ್ಲಿಯೂ ಬೇಡ, ಅದರಲ್ಲಿ ಲ ಮತ್ತು ಳ ಒಂದೇ.

ಘಟ್ಟದ ಮೇಲಿನವ: "ಕಾಪಿ ಮಾಡಿ, ಅಂಟಿಸಿ" ಅಂದರೆ ಹರಟೆಗೆ ಕೂತವನು ಪ್ರತಿ ಸಾಲಿಗೂ ಬೇರೆ ಆ್ಯಪ್ ತೆರೀಬೇಕಾ? ಅಷ್ಟರಲ್ಲಿ ನೀವು ನಕ್ಕು ಮುಗಿಸಿ ಮುಂದಿನ ಮಾತಿಗೆ ಹೋಗಿರ್ತೀರಿ. ಅವನು ಒಬ್ಬನೇ ಹೊರಗೆ.

ಕದ್ರಿಗುಡ್ಡೆ: ಅದನ್ನೇ ನಾನು ಹೇಳಿದ್ದು. ಹರಟೆ ಯಾವುದರಲ್ಲಾದರೂ ಆಗಲಿ, ಹೋಗಿ ಬರುವ ವಿಷಯ ಮಾತ್ರ ಕನ್ನಡದಲ್ಲಿ. ಅದೂ "ನಾಳೆ" ಅಂತ ಅಲ್ಲ, ವಾರದ ಹೆಸರು. "ಭಾನುವಾರ ಬೆಳಿಗ್ಗೆ 7:00, ಸ್ಟೇಟ್‌ಬ್ಯಾಂಕ್ ಸರ್ವಿಸ್ ಬಸ್‌ಸ್ಟ್ಯಾಂಡ್, ಉಡುಪಿ ಬಸ್ ನಿಲ್ಲುವಲ್ಲಿ." ಬರೀ "ಸ್ಟೇಟ್‌ಬ್ಯಾಂಕ್" ಅಂದರೆ ಹೊರಗಿನವ ಬ್ಯಾಂಕ್ ಹುಡುಕಿಕೊಂಡು ಹೋಗ್ತಾನೆ. ಬರೀ "ಬಸ್‌ಸ್ಟ್ಯಾಂಡ್" ಅಂದರೆ ಬಿಜೈ.

ಮಲ್ಪೆಯ ಗಾಳಿ: "ಹರಟೆ ಯಾವುದರಲ್ಲಾದರೂ ಆಗಲಿ" ಅಂತ ಈಗ ಹೇಳ್ತೀರಿ. ಮೊದಲು "ಗುಂಪಿನಲ್ಲಿ ಕನ್ನಡವೇ" ಅಂದದ್ದು ಯಾರು? ಮತ್ತೆ ಆ ದಿನ ಉಡುಪಿ ಬಸ್ಸು ಲಾಲ್‌ಬಾಗ್ ದಾಟಿಯೇ ಹೋಗುದು. ಬಿಜೈಯಿಂದ ಲಾಲ್‌ಬಾಗ್ ನಡೆಯುವಷ್ಟು ಹತ್ತಿರ. ಒಂದು ಫೋನ್ ಮಾಡಿ ಅಲ್ಲಿ ಹತ್ತಿಸಿಕೊಂಡಿದ್ದರೆ ಆಗ್ತಿತ್ತು. ಭಾಷೆಯ ಮೇಲೆ ಹೊರಿಸ್ಬೇಡಿ.

ಕದ್ರಿಗುಡ್ಡೆ: ಅವನು ಮಲಗಿದ್ದ ಅಂತ ಮೊದಲೇ ಬರೆದಿದ್ದೇನೆ.

ಮಲ್ಪೆಯ ಗಾಳಿ: ಏಳಿಸ್ಬೇಕಿತ್ತು. ಗೆಳೆಯ ಅಲ್ವಾ?

ಬಲ್ಮಠ ರೋಡ್: ಕುಂದಾಪ್ರದವರಿಗೆ ಒಂದು ಮಾತು ಬಾಕಿ ಉಂಟು. ಮಧ್ಯಮ ಅವಲಕ್ಕಿಯಾದರೆ ಕಾಯಿರಸ ಸಾಕಾಗುದಿಲ್ಲ, ಒಳಗೆ ಗಟ್ಟಿ ಉಳಿತದೆ. ಅದಕ್ಕೆ ನೀರು ಬೇಕೇ ಬೇಕು.

ಕುಂದಾಪ್ರದ ಹೆಣ್: "ಮಧ್ಯಮ" ಹಾಕಿದ್ರೆ ಅದ್ ಬಜಿಲೇ ಅಲ್ಲ.